ಪಟೇಲರ ಅತಿಥಿ ಮತ್ತು ಕೇರಿಯ ಮೌನ

ಹಳ್ಳಿಯ ಅಧ್ಯಯನಕ್ಕೆ ಹೋದ ವಿದ್ವಾಂಸ ಯಾರ ಮನೆಯಲ್ಲಿ ಉಳಿದ, ಯಾರ ಮನೆ ನೀರು ಕುಡಿದ ಎಂಬುದನ್ನು ನಮ್ಮ ಸಮಾಜಶಾಸ್ತ್ರ ಬಹಳ ಕಾಲ ದೊಡ್ಡ ಪ್ರಶ್ನೆ ಅಂತ ಎಣಿಸಲಿಲ್ಲ. ದಲಿತ ವಿಮರ್ಶೆ ಶುರುವಾಗಬೇಕಾದ್ದೇ ಅಲ್ಲಿಂದ.

ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋದರು. ಅವರ ಬರಹದಲ್ಲಿ ಅದರ ಹೆಸರು ರಾಂಪುರ. ಉಳಿಯಲು ಜಾಗ ಕೊಟ್ಟವರು ಊರ ಪಟೇಲರು, ಒಕ್ಕಲಿಗ ಭೂಮಾಲೀಕರು. ಬ್ರಾಹ್ಮಣನಾದ್ದರಿಂದ ಬ್ರಾಹ್ಮಣನ ಹಾಗೇ ಇರಬೇಕು ಅಂತ ಊರು ಬಯಸಿತು. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಂಡರೂ ಆಕ್ಷೇಪ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ಬೆಂಕಿ ಇಟ್ಟಾಗ ವರ್ಷಗಟ್ಟಲೆ ಸಿದ್ಧಪಡಿಸಿದ ಟಿಪ್ಪಣಿಗಳು ಸುಟ್ಟುಹೋದವು. ಹೆಚ್ಚಾಗಿ ನೆನಪಿನಿಂದಲೇ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು.

ತಮ್ಮದು ಮೇಲ್ಜಾತಿಯ ನೋಟ ಅಂತ ಶ್ರೀನಿವಾಸರೇ ಅದರಲ್ಲಿ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆ ದೊಡ್ಡದು. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಕೇರಿ ಪುಸ್ತಕದೊಳಗೆ ಬಂದುಬಿಡುತ್ತದೆಯೆ? ಪಟೇಲರ ಅತಿಥಿಯ ಮುಂದೆ ಜೀತದಾಳು ಏನು ತಾನೆ ಮಾತಾಡಿಯಾನು? ಅವನ ಮೌನವನ್ನು ಸಮ್ಮತಿ ಅಂತ ಬರೆದುಕೊಂಡರೆ ಅದು ಶಾಸ್ತ್ರವೊ, ಪಟೇಲರ ವರದಿಯೊ? 'ಪ್ರಬಲ ಜಾತಿ' ಎಂಬ ಪರಿಕಲ್ಪನೆಯನ್ನು ಕೊಟ್ಟವರು ಇದೇ ಶ್ರೀನಿವಾಸ್. ಅಧಿಕಾರ ಹೇಗೆ ನಡೆಯುತ್ತದೆ ಅನ್ನೋದು ಅಧಿಕಾರದ ಪಕ್ಕದಲ್ಲಿ ಕೂತವರಿಗೆ ಚೆನ್ನಾಗೇ ಕಾಣುತ್ತದೆ. ಅದರ ಕೆಳಗಿರುವವರು ಒಳಗೊಳಗೇ ಏನು ಯೋಚಿಸುತ್ತಾರೆ ಅನ್ನೋದು ಅಲ್ಲಿಂದ ಕಾಣುವುದಿಲ್ಲ. 1927ರ ಮಹಾಡದಲ್ಲಿ ಅಂಬೇಡ್ಕರ್ ಸತ್ತ ದನದ ಮಾಂಸ ಬಿಡಿ ಎಂದರು. ಅದನ್ನು ಮೇಲಿನವರ ಅನುಕರಣೆ, 'ಸಂಸ್ಕೃತೀಕರಣ' ಅಂತ ಕರೆದುಬಿಟ್ಟರೆ ಆತ್ಮಗೌರವದ ಮಾತು ಎಲ್ಲಿ ಹೋಯಿತು?

ಸಿದ್ಧಾಂತ ಕಟ್ಟುವವರು ಒಬ್ಬರು, ಮಾಹಿತಿ ಹೊರುವವರು ಇನ್ನೊಬ್ಬರು ಎಂಬ ಈ ವಿಂಗಡಣೆಯನ್ನು ಗೋಪಾಲ್ ಗುರು 2002ರಲ್ಲಿ ಬಯಲಿಗೆಳೆದರು. ಈಗ ಕೇರಿಯ ಮಕ್ಕಳೇ ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಂಡು ಪ್ರಬಂಧ ಬರೆಯುತ್ತಿದ್ದಾರೆ. ಹಾಗಂತ ಅವರಿಗೆ ಬಿಕ್ಕಟ್ಟು ಇಲ್ಲವೆಂದಲ್ಲ, ಇನ್ನೂ ಜಾಸ್ತಿ. ಚಿಕ್ಕವ್ವ ಕರುಳಿನವರು ಅಂತ ನಂಬಿ ಹೇಳಿದ್ದು ಬೆಳಗಾಗುವುದರೊಳಗೆ 'ದತ್ತಾಂಶ' ಆಗಿರುತ್ತದೆ. ಹೆಸರು ಬದಲಿಸಿದರೆ ಸಾಕೆ? ಮೂವತ್ತು ಮನೆಯ ಕೇರಿಯಲ್ಲಿ 'ವಿಧವೆ, ಇಬ್ಬರು ಮಕ್ಕಳು, ಶಾಲೆಯಲ್ಲಿ ಬಿಸಿಯೂಟದ ಕೆಲಸ' ಅಂತ ಬರೆದರೆ ಯಾರೆಂದು ಊರಿಗೆಲ್ಲ ಗೊತ್ತು. ಗೌಡರ ವಿಷಯ ಬಾಯಿಬಿಟ್ಟಿದ್ದಕ್ಕೆ ಕೆಲಸ ಹೋಗುವುದು ಆಕೆಗೆ, ಪಿಎಚ್.ಡಿ. ಸಿಗುವುದು ನಮಗೆ. ಕೇರಿಯೊಳಗೇ ಗಂಡ ಹೊಡೆಯುವ ಸಂಗತಿ ಬಂದರೆ? ಬರೆದರೆ ಮೇಲಿನವರ ಬಾಯಿಗೆ ಮಾತು ಕೊಟ್ಟಂತೆ. ಬರೆಯದಿದ್ದರೆ ಹೊಡೆಸಿಕೊಂಡವಳಿಗೆ ದ್ರೋಹ.

ಇದನ್ನು ವಿಶ್ವವಿದ್ಯಾಲಯದ ಸಮ್ಮತಿಪತ್ರದ ಮೇಲಿನ ಹೆಬ್ಬೆಟ್ಟು ಬಗೆಹರಿಸುವುದಿಲ್ಲ. ತೀರ್ಮಾನ ಆಕೆಯದಾಗಬೇಕು. ಬರೆದದ್ದನ್ನು ಆಕೆಗೆ ಅರ್ಥವಾಗುವ ಮಾತಿನಲ್ಲಿ ಓದಿ ಹೇಳಬೇಕು. 'ಇದು ಬ್ಯಾಡ ಕಣಪ್ಪ, ತೆಗಿ' ಅಂದರೆ ತೆಗೆಯಬೇಕು. 'ಇರಲಿ, ಎಲ್ಲರಿಗೂ ಗೊತ್ತಾಗಲಿ' ಅಂದರೆ ಮುಂದೆ ಬರುವ ಪೆಟ್ಟಿಗೆ ನಾವೂ ಆಕೆಯ ಜೊತೆ ನಿಲ್ಲಬೇಕು. ಅಷ್ಟು ತಯಾರಿಲ್ಲದವರು ಆತ್ಮಾವಲೋಕನದ ಅಧ್ಯಾಯ ಎಷ್ಟೇ ಉದ್ದ ಬರೆದರೂ ಅದು ಕೇರಿಗೆ ಉಪಯೋಗಕ್ಕೆ ಬರುವುದಿಲ್ಲ.