ಹಾಡನ್ನೂ ಸಾಕ್ಷಿಕಟ್ಟೆಗೆ ಕರೆದ ಸಿನಿಮಾ

1997ರ ಜುಲೈ 11ರ ಬೆಳಿಗ್ಗೆ ಮುಂಬೈನ ಘಾಟ್ಕೋಪರ್‌ನಲ್ಲಿರುವ ರಮಾಬಾಯಿ ಅಂಬೇಡ್ಕರ್ ನಗರದ ಜನ ಎದ್ದು ನೋಡಿದರೆ ಬಾಬಾಸಾಹೇಬರ ಪ್ರತಿಮೆಯ ಕೊರಳಲ್ಲಿ ಚಪ್ಪಲಿ ಹಾರ. ಸಿಟ್ಟಾದ ಜನ ಹೆದ್ದಾರಿಗೆ ಇಳಿದರು. ರಾಜ್ಯ ಮೀಸಲು ಪೊಲೀಸ್ ಪಡೆ ಗೋಲಿಬಾರ್ ಮಾಡಿತು. 10 ಮಂದಿ ದಲಿತರು ಸತ್ತರು. ಕೆಲವೇ ದಿನಗಳಲ್ಲಿ ಶಾಹೀರ ವಿಲಾಸ್ ಘೋಗ್ರೆ ಆತ್ಮಹತ್ಯೆ ಮಾಡಿಕೊಂಡರು. ಊರೂರು ಸುತ್ತಿ ಹೋರಾಟದ ಹಾಡು ಕಟ್ಟಿ ಹಾಡುತ್ತಿದ್ದ ಮನುಷ್ಯ ಅವರು. ಆನಂದ್ ಪಟವರ್ಧನ್ ಅವರ ಸಾಕ್ಷ್ಯಚಿತ್ರ ‘ಜೈ ಭೀಮ್ ಕಾಮ್ರೇಡ್’ ಹೊರಡುವುದು ಈ ಸಾವುಗಳಿಂದ. ಚಿತ್ರ ಮುಗಿದದ್ದು 2011ರಲ್ಲಿ, 14 ವರ್ಷಗಳ ನಂತರ.

ಇಷ್ಟು ಕಾಲ ಹಿಡಿದದ್ದಕ್ಕೆ ನಿರ್ದೇಶಕರ ಸೋಮಾರಿತನ ಕಾರಣವಲ್ಲ. ಕೋರ್ಟು ಎಷ್ಟು ಕಾಲ ತೆಗೆದುಕೊಂಡಿತೋ ಹೆಚ್ಚುಕಡಿಮೆ ಅಷ್ಟೇ ಕಾಲ ಕ್ಯಾಮೆರಾವೂ ಕಾದಿತು. ಈ ಚಿತ್ರದ ದೊಡ್ಡ ಗುಣ ಇದೇ. ನ್ಯಾಯದ ವಿಳಂಬವನ್ನು ಅದು ಮಾತಿನಲ್ಲಿ ಹೇಳಿ ಮುಗಿಸುವುದಿಲ್ಲ. ಹೆಣದ ಮುಂದೆ ಅತ್ತವರನ್ನೇ ವರ್ಷಗಳ ಮೇಲೆ ಮತ್ತೆ ಹುಡುಕಿಕೊಂಡು ಹೋಗುತ್ತದೆ. ಅವರ ಕೂದಲು ನರೆತಿದೆ, ಪ್ರಕರಣ ಇದ್ದಲ್ಲೇ ಇದೆ.

ಪೊಲೀಸರ ಸಮರ್ಥನೆ ಸರಳವಾಗಿತ್ತು: ಹೆದ್ದಾರಿಯಲ್ಲಿದ್ದ ಗ್ಯಾಸ್ ಟ್ಯಾಂಕರ್‌ಗಳಿಗೆ ಗುಂಪು ಬೆಂಕಿ ಇಡಲು ಹೊರಟಿತ್ತು, ಇಟ್ಟಿದ್ದರೆ ಇಡೀ ಬಡಾವಣೆಯೇ ಸುಟ್ಟುಹೋಗುತ್ತಿತ್ತು, ಹಾಗಾಗಿ ಗುಂಡು ಹಾರಿಸದೆ ಗತಿಯಿರಲಿಲ್ಲ. ಪಟವರ್ಧನ್ ಈ ವಾದಕ್ಕೆ ಭಾಷಣದ ಉತ್ತರ ಕೊಡುವುದಿಲ್ಲ. ಟ್ಯಾಂಕರ್ ಎಲ್ಲಿತ್ತು, ಗುಂಡು ತಗುಲಿದವರು ಎಲ್ಲಿದ್ದರು, ನಡುವಿನ ದೂರ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ನಿಲ್ಲುತ್ತಾರೆ, ಅಷ್ಟೇ. ಒಳ್ಳೆಯ ವಕೀಲರು ಪಾಟೀಸವಾಲಿನಲ್ಲಿ ಮಾಡುವ ಕೆಲಸ ಇದು. ನ್ಯಾಯಮೂರ್ತಿ ಗುಂಡೇವಾರ್ ಆಯೋಗವೂ ಗೋಲಿಬಾರ್ ಸಮರ್ಥನೀಯವಲ್ಲ ಎಂದೇ ಹೇಳಿತು. ಆದರೂ ಗುಂಡಿಗೆ ಆದೇಶ ಕೊಟ್ಟ ಸಬ್ ಇನ್‌ಸ್ಪೆಕ್ಟರ್‌ಗೆ ಜೀವಾವಧಿ ಶಿಕ್ಷೆಯಾಗಲು 2009ನೇ ಇಸವಿ ಬರಬೇಕಾಯಿತು. ಸ್ವಲ್ಪ ಕಾಲದಲ್ಲೇ ಹೈಕೋರ್ಟಿನಿಂದ ಆತನಿಗೆ ಜಾಮೀನೂ ಸಿಕ್ಕಿತು.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಗಟ್ಟಿಯಾದ ತನಿಖಾ ವರದಿ ಆಗುತ್ತಿತ್ತು. ಅದನ್ನು ದಾಟಿಸುವುದು ಹಾಡು.

1985ರ ‘ಬಾಂಬೆ ಅವರ್ ಸಿಟಿ’ಯಲ್ಲಿ ಕೊಳೆಗೇರಿಗಳ ಎತ್ತಂಗಡಿಯನ್ನು ಪಟವರ್ಧನ್ ದಾಖಲಿಸಿದಾಗ ಅದರಲ್ಲಿ ಹಾಡಿದವರು ಇದೇ ಘೋಗ್ರೆ. ಆ ಹಳೆಯ ದೃಶ್ಯಗಳು ಇಲ್ಲಿ ಮರಳಿ ಬಂದಾಗ ಕೊರಳು ಅದೇ, ಕೇಳುವವರ ಸ್ಥಿತಿ ಮಾತ್ರ ಬೇರೆ. ಎಡಪಂಥೀಯ ಸಾಂಸ್ಕೃತಿಕ ತಂಡದಲ್ಲಿ ಜೀವಮಾನದ ಬಹುಭಾಗ ಹಾಡಿದ ಘೋಗ್ರೆಯನ್ನು ಆ ಸಂಘಟನೆಯೇ ಹೊರಗಿಟ್ಟಿತ್ತು. ಸಾಯುವ ಮುನ್ನ ಅವರು ತಲೆಗೆ ಕಟ್ಟಿಕೊಂಡದ್ದು ನೀಲಿ ಪಟ್ಟಿ, ಗೋಡೆಯ ಮೇಲೆ ಬರೆದದ್ದು ಅಂಬೇಡ್ಕರ್‌ವಾದಿಗಳ ಒಗ್ಗಟ್ಟಿಗೆ ಜೈಕಾರ. ವರ್ಗವನ್ನು ಕಂಡವರು ಜಾತಿಯನ್ನು ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆಯನ್ನು ಚಿತ್ರ ಎತ್ತುತ್ತದೆ, ಅದೂ ತನ್ನದೇ ಬಳಗದವರ ಮುಂದೆ. ಎಡ ಚಳವಳಿಯ ಒಡನಾಡಿಯೊಬ್ಬರು ಈ ಪ್ರಶ್ನೆಯನ್ನು ಬಚ್ಚಿಡದೆ ಇಟ್ಟದ್ದು ಸಣ್ಣ ಪ್ರಾಮಾಣಿಕತೆಯಲ್ಲ. ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಹೋರಾಟದ ಹಾಡು ಕೇಳಿದ ಕನ್ನಡಿಗರಿಗೆ ಈ ಭಾಗ ಪರಕೀಯ ಅನ್ನಿಸಲಾರದು.

ಮನೆಯವರು ಸತ್ತದ್ದು ಹೇಗೆಂದು ಸಾಕ್ಷಿಯ ಕಟ್ಟೆಯಲ್ಲಿ ನಿಂತು ಹೇಳಬಹುದು. ನೂರಾರು ವರ್ಷ ಏನನ್ನು ಸಹಿಸಿಕೊಂಡೆವು ಎನ್ನುವುದನ್ನು ಯಾವ ಕೋರ್ಟೂ ಕೇಳುವುದಿಲ್ಲ. ಆ ಸಾಕ್ಷ್ಯವನ್ನು ಈ ಚಿತ್ರ ಹಾಡುಗಳಿಂದ ಪಡೆಯುತ್ತದೆ. ಅದಕ್ಕೇ ಹಾಡುಗಳು ಇಲ್ಲಿ ಬಿಡುವಿನ ಹೊತ್ತಿನ ಮನರಂಜನೆಯಾಗಿ ಬರುವುದಿಲ್ಲ. ಅರ್ಧಕ್ಕೇ ಕತ್ತರಿಸದೆ ಪೂರ್ತಿ ಹಾಡಲು ಬಿಟ್ಟಿರುವುದೂ ಆ ಕಾರಣಕ್ಕೇ ಸರಿ.

ತಕರಾರುಗಳೂ ಇವೆ. ಮೂರು ಗಂಟೆ ದಾಟಿದ ಚಿತ್ರದ ಉತ್ತರಾರ್ಧ ಸಡಿಲ. 2006ರಲ್ಲಿ ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ಒಂದೇ ದಲಿತ ಕುಟುಂಬದ ನಾಲ್ವರನ್ನು ಕೊಂದ ಪ್ರಕರಣ ಇಲ್ಲಿದೆ. ಅಲ್ಲಿ ಶಿಕ್ಷೆಯಾಯಿತು, ಆದರೆ ದೌರ್ಜನ್ಯ ತಡೆ ಕಾಯ್ದೆಯಡಿ ಅಲ್ಲ. ಕೊಲೆ ಸಾಬೀತಾಗಿಯೂ ಜಾತಿದ್ವೇಷ ಸಾಬೀತಾಗಲಿಲ್ಲ! ಕಾನೂನಿನ ಈ ಕುರುಡನ್ನು ರಮಾಬಾಯಿ ನಗರದ ಟ್ಯಾಂಕರ್ ಕಥೆಯಷ್ಟೇ ತಾಳ್ಮೆಯಿಂದ ಬಿಡಿಸಿ ತೋರಿಸಬೇಕಿತ್ತು. ಅಷ್ಟು ಹೊತ್ತು ಚಿತ್ರ ಅಲ್ಲಿ ನಿಲ್ಲುವುದಿಲ್ಲ, ರಾಜಕೀಯ ಸಭೆಗಳ ಕಡೆ ಹೊರಳಿಬಿಡುತ್ತದೆ. ಅಂಬೇಡ್ಕರ್ ಬಗ್ಗೆ ಏನೂ ತಿಳಿಯದ ಉಳ್ಳವರನ್ನು ಮಾತಾಡಿಸುವ ಭಾಗಗಳಲ್ಲಿ ನಿರ್ದೇಶಕರಿಗೆ ಉತ್ತರ ಮೊದಲೇ ಗೊತ್ತಿದೆ. ನೋಡುವವರಿಗೂ ಗೊತ್ತಾಗುತ್ತದೆ. ಮರಾಠಿ ದಲಿತ ಸಾಹಿತ್ಯ ಕಟ್ಟಿದ ಚಿಂತನೆಗೆ ಹಾಡಿಗೆ ಸಿಕ್ಕಷ್ಟು ಜಾಗ ಸಿಗಬೇಕಿತ್ತು. ಮೇಲ್ಜಾತಿಯಲ್ಲಿ ಹುಟ್ಟಿದ ನಿರ್ದೇಶಕರ ಕಣ್ಣಿಗೆ ದಲಿತರ ನೋವು ಮತ್ತು ಹಾಡು ಬೇಗ ಕಾಣುತ್ತವೆ, ಅವರ ವಾದ ತಡವಾಗಿ ಕಾಣುತ್ತದೆ ಎಂಬ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ.

ಹಾಗಿದ್ದೂ ಈ ಚಿತ್ರದ ಜತೆ ಇಟ್ಟು ನೋಡಬಹುದಾದ ಭಾರತೀಯ ಸಾಕ್ಷ್ಯಚಿತ್ರಗಳು ಬಹಳ ಕಡಿಮೆ. ಪಟವರ್ಧನ್ ನ್ಯಾಯವನ್ನು ದೂರ ನಿಂತು ಚಿತ್ರಿಸಿದವರಲ್ಲ. ತಮ್ಮ ಚಿತ್ರಗಳನ್ನು ದೂರದರ್ಶನದಲ್ಲಿ ತೋರಿಸಬೇಕೆಂದು ಪದೇಪದೇ ಕೋರ್ಟಿನ ಮೆಟ್ಟಿಲು ಹತ್ತಿದವರು. ‘ಫಾದರ್, ಸನ್ ಅಂಡ್ ಹೋಲಿ ವಾರ್’ ವಿಚಾರದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದವರು. ‘ಜೈ ಭೀಮ್ ಕಾಮ್ರೇಡ್’ ಸಿದ್ಧವಾದ ಮೇಲೆ ಅದನ್ನು ದಲಿತ ಕೇರಿಗಳಿಗೇ ಹೊತ್ತೊಯ್ದರು. ಯಾರ ಕಥೆಯೋ ಅವರೇ ಮೊದಲ ಸಾಲಿನಲ್ಲಿ ಕೂತು ನೋಡಿ ಒಪ್ಪಬೇಕು, ಇಲ್ಲವೇ ಜಗಳಾಡಬೇಕು.

ಚಿತ್ರದ ಕೊನೆಯ ಭಾಗ ಪುಣೆಯ ಕಬೀರ್ ಕಲಾ ಮಂಚ್‌ನ ಯುವ ಗಾಯಕರದು. ಘೋಗ್ರೆಯ ಹಾಡು ಮುಂದುವರಿದದ್ದು ಅವರಲ್ಲಿ. ಶೀತಲ್ ಸಾಠೆ ಹಾಡುವಾಗ ಆ ದನಿಯಲ್ಲಿ ಅಂಜಿಕೆ ಎಳ್ಳಷ್ಟೂ ಇಲ್ಲ. ಈ ಗಾಯಕರ ಮೇಲೆ ನಕ್ಸಲ್ ನಂಟಿನ ಆರೋಪ ಬಂದು, ಯುಎಪಿಎ ಕಾಯ್ದೆ ಬಿದ್ದು, ಭೂಗತರಾದರು. 2013ರ ಏಪ್ರಿಲ್‌ನಲ್ಲಿ ಶೀತಲ್ ಮತ್ತು ಮಂಚ್‌ನ ಸಚಿನ್ ಮಾಳಿ ಮುಂಬೈನ ವಿಧಾನ ಭವನದ ಎದುರು ತಾವಾಗಿ ಬಂದು ಬಂಧನಕ್ಕೆ ಒಳಗಾದರು. ಗರ್ಭಿಣಿಯಾಗಿದ್ದ ಶೀತಲ್‌ಗೆ ಅದೇ ವರ್ಷ ಜಾಮೀನು ಸಿಕ್ಕಿತು, ಸಚಿನ್‌ಗೆ ಸಿಕ್ಕಿದ್ದು 2017ರಲ್ಲಿ, ಸುಪ್ರೀಂ ಕೋರ್ಟಿನಿಂದ. ಈ ಚಿತ್ರಕ್ಕೆ ಬಂದ ಪ್ರಶಸ್ತಿಯ ಹಣವನ್ನು ಪಟವರ್ಧನ್ ಈ ಗಾಯಕರ ರಕ್ಷಣಾ ಸಮಿತಿಗೆ ಕೊಟ್ಟರು. ಹೀಗೆ 10 ಜನರ ಸಾವಿನ ಲೆಕ್ಕ ಕೇಳಲು ಹೊರಟ ಸಿನಿಮಾ ತನ್ನಲ್ಲಿ ಹಾಡಿದವರ ಜಾಮೀನಿನ ಹೋರಾಟದಲ್ಲೂ ಭಾಗಿಯಾಯಿತು.