ನಗೆಯ ಪಾಲು

ಜಡ್ ಅಪಟೋ ನಿರ್ದೇಶಿಸಿದ ‘ನಾಕ್ಡ್ ಅಪ್’ ಚಿತ್ರವನ್ನು 2007ರಲ್ಲಿ ಅಮೆರಿಕದ ಜನ ಮುಗಿಬಿದ್ದು ನೋಡಿದರು. ಬಸಿರಾದುದಕ್ಕೆ ಅಲ್ಲಿ ಬಳಸುವ ಬೀದಿಮಾತೇ ಅದರ ಹೆಸರು. ಒಂದಿರುಳ ಪರಿಚಯದಿಂದ ಗರ್ಭಿಣಿಯಾದ ತರುಣಿಯೂ ನೆಲೆಯಿಲ್ಲದ ಸೋಮಾರಿ ತರುಣನೂ ಕೂಡಿ ಬಾಳಲು ಕಲಿಯುವುದು ಕಥೆ. ಮಾತು ತೀರ ಗ್ರಾಮ್ಯ. ಆದರೆ ಗ್ರಾಮ್ಯತೆಯೊಂದನ್ನೇ ಹಿಡಿದು ಕೃತಿಯನ್ನು ತಳ್ಳಿಹಾಕುವವರೊಡನೆ ನಾವು ಸೇರಲಾರೆವು.

ಮಗುವನ್ನು ಉಳಿಸಿಕೊಂಡ ಕಥೆಯೆಂದು ಕೆಲವರು ಮೆಚ್ಚಿದರು. ಬೇರೆ ದಾರಿಯ ವಿಚಾರವನ್ನು ಅಷ್ಟು ಬೇಗ ಮುಗಿಸಿದುದೇಕೆಂದು ಕೆಲವರು ಕೇಳಿದರು. ಎಲ್ಲ ಹೊಲಸನ್ನೂ ನಿರ್ಭಿಡೆಯಿಂದ ಆಡುವ ನಾಯಕನ ಮಿತ್ರಮಂಡಲಿ, ಗರ್ಭಪಾತವೆಂಬ ಪದ ಬರುವಲ್ಲಿ ಅದಕ್ಕೆ ಪ್ರಾಸವಾದ ಅರ್ಥಹೀನ ಶಬ್ದವೊಂದನ್ನಾಡಿ ಜಾರಿಕೊಳ್ಳುತ್ತದೆ! ನಾಚಿಕೆಯರಿಯದ ಕೃತಿ ನಾಚಿದುದು ಇಲ್ಲಿ.

ಇದರಲ್ಲಿ ಹೆಂಗಸರು ನಗೆಯರಿಯದ ಗಯ್ಯಾಳಿಗಳಾಗಿಯೂ ಗಂಡಸರು ಮುದ್ದು ಹುಡುಗಾಟದವರಾಗಿಯೂ ಕಾಣುತ್ತಾರೆಂದು ನಾಯಕಿ ಕ್ಯಾಥರೀನ್ ಹೈಗಲ್ ಅವರೇ ಕೆಲವು ತಿಂಗಳ ತರುವಾಯ ಪತ್ರಿಕೆಯೊಂದಕ್ಕೆ ಹೇಳಿದರು. ಕೃತಘ್ನೆಯೆಂದು ಹಲವರು ಮುನಿದರು. ಅವರೆಂದುದು ದಿಟ. ಭರತಮುನಿಯು ಹಾಸ್ಯವನ್ನು ಆತ್ಮಸ್ಥ, ಪರಸ್ಥವೆಂದು ವಿಭಾಗಿಸಿದ್ದಾನೆ: ತಾನು ನಗುವುದೊಂದು, ಪರರನ್ನು ನಗಿಸುವುದೊಂದು. ಇಲ್ಲಿ ಬಹುಮಟ್ಟಿಗೆ ಎರಡೂ ಗಂಡಸರ ಪಾಲು. ಹೊಟ್ಟೆಯ ಭಾರ ಹೆಣ್ಣಿನದು. ಅಕ್ಕನಿಗೆ ವಯಸ್ಸಾಯಿತೆಂದು, ತಂಗಿ ಗರ್ಭಿಣಿಯೆಂದು ನೃತ್ಯಶಾಲೆಯ ದ್ವಾರಪಾಲಕನು ಇಬ್ಬರನ್ನೂ ಒಳಗೆ ಬಿಡದ ಸನ್ನಿವೇಶವೊಂದುಂಟು. ನಗುತ್ತಲೇ ಇದ್ದ ಪ್ರೇಕ್ಷಕನಿಗೆ ಹೆಣ್ಣಿನ ಕೋಪಕ್ಕೂ ಕಾರಣವಿದೆಯೆಂದು ಅಲ್ಲಿ ತೋರುತ್ತದೆ. ಆ ಜಾಡಿನಲ್ಲಿ ಚಿತ್ರವು ಮುಂದೆ ಹೋಗಲಿಲ್ಲ.