ಕೊಲೆಯ ಕಥೆ, ಹಾಡಿನ ಕೆಲಸ: ‘ಸಿ.ಐ.ಡಿ.’ ಚಿತ್ರದ ಮರುನೋಟ

ಕೊಲೆಗಾರನನ್ನು ಹುಡುಕುವ ಕಥೆಯಲ್ಲಿ ಹಾಡು ಬಂದರೆ ಬಿಗಿ ಹೋಗುತ್ತದೆ ಎನ್ನುವ ಮಾತು ಹಳೆಯದು. ಕನ್ನಡದಲ್ಲೇ ಸುನಿಲ್ ಕುಮಾರ್ ದೇಸಾಯಿ 1989ರಲ್ಲಿ ಒಂದೂ ಹಾಡಿಲ್ಲದ ‘ತರ್ಕ’ ಮಾಡಿ ಗೆದ್ದರು. ಆದರೂ 1956ರ ಹಿಂದಿ ಚಿತ್ರ ‘ಸಿ.ಐ.ಡಿ.’ ನೋಡಿದವರು ಈ ಮಾತನ್ನು ಪೂರ್ತಿ ಒಪ್ಪಲಾರರು. ಓ.ಪಿ. ನಯ್ಯರ್ ಕಟ್ಟಿದ ಇದರ ಹಾಡುಗಳು ರೇಡಿಯೊ ಹಿಡಿದು ಹಿಂದಿ ಬಾರದ ಊರುಗಳಿಗೂ ಬಂದವು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಇವತ್ತಿಗೂ ಹಾಡು ಗುನುಗುವವರು ಸಿಗುತ್ತಾರೆ, ಚಿತ್ರ ನೋಡಿದವರು ಅಪರೂಪ.

ಈ ಚಿತ್ರ ನಮಗೆ ದೂರದ್ದೂ ಅಲ್ಲ. ನಿರ್ದೇಶಕ ರಾಜ್ ಖೋಸ್ಲಾ ಆದರೂ ನಿರ್ಮಾಪಕ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರಲ್ಲಿ. ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತವರು. ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಹೂವು ಹಣ್ಣು’ (1993) ಚಿತ್ರಕ್ಕೆ ದುಡಿದ ಕ್ಯಾಮೆರಾ ಇವರದೇ.

ದೊಡ್ಡ ಮನುಷ್ಯನೊಬ್ಬನ ಗುಟ್ಟು ಬಯಲು ಮಾಡಲು ಹೊರಟ ಪತ್ರಿಕಾ ಸಂಪಾದಕನ ಕೊಲೆಯಾಗುತ್ತದೆ. ತನಿಖೆಗೆ ಇಳಿಯುವವನು ಇನ್ಸ್‌ಪೆಕ್ಟರ್ ಶೇಖರ್ (ದೇವಾನಂದ್). ಸಿಕ್ಕಿಬಿದ್ದ ಹಂತಕ ಲಾಕಪ್ಪಿನಲ್ಲಿ ಸತ್ತಾಗ ಆರೋಪ ಶೇಖರನ ತಲೆಗೇ ಬರುತ್ತದೆ. ಹುಡುಕುತ್ತಿದ್ದವನೇ ಅಡಗಿಕೊಳ್ಳಬೇಕಾದ ಈ ತಿರುವು ಚಿತ್ರದ ನಿಜವಾದ ಬಲ. ಪೊಲೀಸ್ ವಶದಲ್ಲಿ ಆದ ಸಾವಿಗೆ ಪೊಲೀಸರೇ ಉತ್ತರ ಹೇಳಬೇಕು ಎಂಬ ಪ್ರಶ್ನೆಯನ್ನು ಒಂದು ಜನಪ್ರಿಯ ಚಿತ್ರ ಅಂದೇ ಎತ್ತಿತ್ತು. ಖಳಪಾತ್ರಗಳಿಗೆ ಹೆಸರಾದ ಕೆ.ಎನ್. ಸಿಂಗ್‌ಗೆ ಪ್ರಾಮಾಣಿಕ ಅಧಿಕಾರಿಯ ಪಾತ್ರ ಕೊಟ್ಟದ್ದೂ ಜಾಣತನ. ಅನುಮಾನ ತಾನಾಗಿ ಅವರ ಕಡೆ ಹೋಗುತ್ತದೆ.

ಹಾಡು ಕಥೆಗೆ ಹೇಗೆ ದುಡಿಯುತ್ತದೆ ಎನ್ನುವುದಕ್ಕೆ ಶಂಷಾದ್ ಬೇಗಂ ಹಾಡಿದ ‘ಕಹೀಂ ಪೆ ನಿಗಾಹೇಂ’ ಒಂದೇ ಸಾಕು. ಖಳನ ಮನೆಯಲ್ಲಿ ಶೇಖರ್ ಸಿಕ್ಕಿಕೊಂಡಿದ್ದಾನೆ, ಖಳ ಎದುರಿಗೇ ಇದ್ದಾನೆ. ಅವನ ಕಣ್ಣು ಅತ್ತ ಹೋಗದಂತೆ, ಖಳನ ಕಡೆಯವಳೇ ಆದ ಕಾಮಿನಿ (ವಹೀದಾ ರೆಹಮಾನ್, ಹಿಂದಿಯಲ್ಲಿ ಅವರ ಮೊದಲ ಚಿತ್ರ) ಹಾಡಿ ಕುಣಿಯುತ್ತಾಳೆ. ತುಟಿಯಲ್ಲಿ ನಗು, ಮನಸ್ಸೆಲ್ಲ ಹಿಂದೆ ಅಡಗಿದವನ ಮೇಲೆ. ಹಾಡು ನಿಂತರೆ ಒಂದು ಜೀವ ಹೋಗುತ್ತದೆ. ಈ ಹಾಡನ್ನು ಕತ್ತರಿಸಿದರೆ ಕಥೆಯೇ ಮುಂದೆ ಸಾಗದು. ಕಾಮಿನಿಯ ಒಳತೋಟಿ ನಮಗೆ ಪೂರ್ತಿ ಅರ್ಥವಾಗುವುದೂ ಇಲ್ಲೇ.

ಜಾನಿ ವಾಕರ್‌ನ ಬಾಂಬೆ ಹಾಡು ಇನ್ನೊಂದು ಬಗೆಯದು. ಮಹಾನಗರದ ಕಲ್ಲುಮನಸ್ಸನ್ನು ಜೇಬುಗಳ್ಳನೊಬ್ಬನ ಬಾಯಲ್ಲಿ ಹೇಳಿಸಿದ್ದಾರೆ. ಕೊಲೆ ನಡೆಯುವ ಊರು ಎಂಥದು ಎಂದು ತಿಳಿಸುವ ಹಾಡು ಅದು. ಇನ್ನು ರಾತ್ರಿಯ ದೃಶ್ಯಗಳಲ್ಲಿ ಮೂರ್ತಿಯವರು ಬೆಳಕನ್ನು ಅಳೆದು ಸುರಿಯುತ್ತಾರೆ. ಮುಖದ ಅರ್ಧ ಕಂಡು ಅರ್ಧ ಕತ್ತಲಲ್ಲೇ ಉಳಿಯುವಾಗ ಯಾರನ್ನು ನಂಬಬೇಕೋ ತಿಳಿಯದು. ಮುಂದೆ ಅವರೇ ಕ್ಯಾಮೆರಾ ಹಿಡಿದ ‘ಕಾಗಜ್ ಕೇ ಫೂಲ್’ (1959) ಚಿತ್ರದ ನೆರಳು-ಬೆಳಕಿನ ಕಸುಬು ಇಲ್ಲೇ ಹದಗೊಳ್ಳುತ್ತಿದೆ.

ಕೊರತೆಗಳೂ ಇವೆ. ಕೊಲೆಯ ಹಿಂದಿನ ಕೈ ಯಾರದೆಂದು ಬೇಗ ಗೊತ್ತಾಗುವುದರಿಂದ ಕೊನೆಯ ಭಾಗದಲ್ಲಿ ಕುತೂಹಲಕ್ಕಿಂತ ಓಟವೇ ಹೆಚ್ಚು. ಶಕೀಲಾ ಮಾಡಿರುವ ಮೇಲಧಿಕಾರಿಯ ಮಗಳ ಪ್ರೇಮಪ್ರಸಂಗ ಇಂಪಾದ ಯುಗಳಗೀತೆ ಕೊಟ್ಟರೂ ತನಿಖೆಯನ್ನು ಅಲ್ಲಲ್ಲಿ ತಡೆದು ನಿಲ್ಲಿಸುತ್ತದೆ. ಕಾಮಿನಿಯ ಹಾಡಿಗಿರುವ ತುರ್ತು ಆ ಹಾಡುಗಳಿಗಿಲ್ಲ.

ಒಗಟಾಗಿ ‘ಸಿ.ಐ.ಡಿ.’ ಸಾಧಾರಣ, ಸಿನಿಮಾ ಆಗಿ ಉತ್ತಮ. ಹಾಡು ಇರಬೇಕೋ ಬೇಡವೋ ಎಂಬ ಚರ್ಚೆಗಿಂತ ಹಾಡಿಗೆ ಏನು ಕೆಲಸ ಕೊಟ್ಟಿದ್ದಾರೆ ಎಂದು ಕೇಳುವುದು ಮುಖ್ಯ. ಮಂಡ್ಯ, ಮದ್ದೂರು, ಮಳವಳ್ಳಿಯ ಕಾಲೇಜುಗಳು ಈ ಚಿತ್ರವನ್ನು ಒಮ್ಮೆ ದೊಡ್ಡ ಪರದೆಯ ಮೇಲೆ ವಿದ್ಯಾರ್ಥಿಗಳಿಗೆ ತೋರಿಸಲಿ. ಮೈಸೂರಿನ ಹುಡುಗನೊಬ್ಬ ಹಿಂದಿ ಚಿತ್ರರಂಗಕ್ಕೆ ಬೆಳಕು ಹಿಡಿದದ್ದು ಹೇಗೆಂದು ನಮ್ಮ ಮಕ್ಕಳು ಕಣ್ಣಾರೆ ನೋಡಬೇಕು.